ಅಡುಗೆಮನೆಯ ಕಸದ ಡಬ್ಬ ನಾರದಂತೆ ಏನು ಮಾಡಬೇಕು?

ಬೆಂಗಳೂರಿನ ಬಾಡಿಗೆ ಮನೆಗೆ ಎಂಥ ಡಬ್ಬ ತರಬೇಕು, ವಾಸನೆ, ಹುಳದ ಕಾಟ ತಪ್ಪಿಸುವುದು ಹೇಗೆ ಅಂತ ಕೇಳಿದ್ದೀರಿ.

ಇಲ್ಲಿ ಎರಡು ಡಬ್ಬ, ಒಂದು ಚೀಲ ಬೇಕು. 2015ರ ಡಿಸೆಂಬರ್‌ನಲ್ಲಿ ಹೈಕೋರ್ಟೇ ಹೇಳಿದ್ದು ಇದು. ಹಸಿ ಕಸಕ್ಕೆ ಹಸಿರು ಡಬ್ಬ, ಪ್ಯಾಡ್, ಡೈಪರ್, ಬ್ಯಾಂಡೇಜಿನಂಥವಕ್ಕೆ ಕೆಂಪು ಡಬ್ಬ, ಒಣ ಕಸಕ್ಕೆ ಚೀಲ.

ನಾಲ್ಕು ಜನರ ಮನೆಗೆ 10 ಲೀಟರಿನ ಹಸಿರು ಡಬ್ಬ ಸಾಕು. ದೊಡ್ಡದು ತಂದರೆ ತುಂಬಲಿ ಅಂತ ಎರಡು ದಿನ ಬಿಡುತ್ತೇವೆ, ಅಲ್ವಾ? ಸೆಕೆಗಾಲದಲ್ಲಿ ನೊಣದ ಮೊಟ್ಟೆ ಒಂದು ದಿನದೊಳಗೆ ಮರಿಯಾಗುತ್ತದೆ. ಹುಳ ಬರುವುದು ಹಾಗೆ. ಒಳಮೈ ನುಣುಪಾಗಿರಲಿ, ಮುಚ್ಚಳ ಬಿಗಿಯಾಗಿ ಕೂರಲಿ. ಪೆಡಲ್ ಇದ್ದರೆ ಒಳ್ಳೆಯದು, ಆದರೆ ಮೊದಲು ಮುರಿಯುವುದೂ ಅದೇ!

ವಾಸನೆಗೆ ಮುಖ್ಯ ಕಾರಣ ನೀರು. ಉಳಿದ ಸಾರು, ಮಜ್ಜಿಗೆಯನ್ನು ಹಾಗೇ ಸುರಿದರೆ ತಳದಲ್ಲಿ ಗಾಳಿಯಿಲ್ಲದೆ ಕೊಳೆತು ನಾರುತ್ತದೆ. ಜರಡಿಯಲ್ಲಿ ಬಸಿದು ಗಟ್ಟಿಯಾದದ್ದನ್ನು ಮಾತ್ರ ಹಾಕಿ. ಚಹಾ ಚರಟವನ್ನೂ ಹಿಂಡಿಯೇ ಹಾಕಿ. ತಳಕ್ಕೆ ಎರಡು ಮಡಿಕೆ ಹಳೇ ಪೇಪರ್ ಹಾಸಿ. ಪ್ಲಾಸ್ಟಿಕ್ ಕವರ್ ಬೇಡವೇ ಬೇಡ. ಗೊಬ್ಬರವಾಗುವ ಕಸದಿಂದ ಅದನ್ನು ಯಾರೋ ಕೈಯಲ್ಲೇ ಆರಿಸಬೇಕಾಗುತ್ತದೆ.

ಗಾಡಿಗೆ ಕಸ ಸುರಿದ ಕೂಡಲೇ ಡಬ್ಬ ತೊಳೆದು ಬಿಸಿಲಿಗೆ ಬೋರಲು ಹಾಕಿ. ಕೊಳೆ ಹಾಗೇ ಇಟ್ಟು ಫಿನಾಯಿಲ್ ಸುರಿಯುವುದು ಸುಮ್ನೆ ದುಡ್ಡು ದಂಡ. ಮುಚ್ಚಳದ ಅಂಚನ್ನು ಹಳೇ ಬ್ರಷ್‌ನಿಂದ ಉಜ್ಜಿ. ಜಿಡ್ಡು ಜಾಸ್ತಿ ಕೂರುವುದು ಅಲ್ಲೇ.

ಒಡೆದ ಗಾಜನ್ನು ದಪ್ಪ ಪೇಪರಿನಲ್ಲಿ ಸುತ್ತಿ, ಕಸದವರಿಗೆ ಬಾಯಿಬಿಟ್ಟು ಹೇಳಿ ಕೈಗೆ ಕೊಡಿ.