ಒಪ್ಪತ್ತಿನ ನೆಪ, ಜಿಮ್ಮಿನ ಹಠ: ಹದಿಹರೆಯದವರ ಊಟದ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ಮಗಳಿಗೆ 16 ವರ್ಷ, ತೀರ್ಥಹಳ್ಳಿಯಲ್ಲಿ ಪಿಯುಸಿ ಓದುತ್ತಿದ್ದಾಳೆ. ಮದುವೆಮನೆಯಲ್ಲಿ ಯಾರೋ ‘ಎಷ್ಟು ದಪ್ಪಗಾಗಿದ್ದೀಯೇ’ ಅಂದರಂತೆ, ಅಲ್ಲಿಂದ ಅನ್ನ ಬಿಟ್ಟಳು. ಸೋಮವಾರ, ಶನಿವಾರ ಒಪ್ಪತ್ತು. ಉಳಿದ ದಿನ ಒಂದು ಲೋಟ ತಂಬುಳಿ ಕುಡಿದು ಏಳುತ್ತಾಳೆ. ಮೂರು ತಿಂಗಳಿಂದ ಮುಟ್ಟಾಗಿಲ್ಲ. ರಕ್ತ ಪರೀಕ್ಷೆಯಲ್ಲಿ ಎಲ್ಲ ಸರಿ ಇದೆ. ಹಸಿವಾಗಲು ಟಾನಿಕ್ ಕೊಡಿಸಬೇಕೇ?

ಉತ್ತರ: ಬೇಡ. ಇದು ಹಸಿವೇ ಇಲ್ಲದ ಕಾಯಿಲೆಯಲ್ಲ, ಹಸಿವನ್ನು ಅದುಮಿಟ್ಟುಕೊಳ್ಳುವ ಕಾಯಿಲೆ. ರಕ್ತ ಪರೀಕ್ಷೆ ಸರಿ ಇದ್ದ ಮಾತ್ರಕ್ಕೆ ನೆಮ್ಮದಿಯಿಂದ ಕೂರುವಂತಿಲ್ಲ. ದೇಹ ಸಾಕಷ್ಟು ಸೊರಗಿದ ಮೇಲೂ ವರದಿ ಚೆನ್ನಾಗಿಯೇ ಬರಬಹುದು. ಅದಕ್ಕಿಂತ ನಾಡಿ ಹೆಚ್ಚು ಹೇಳುತ್ತದೆ. ಹಗಲು ಹೊತ್ತು ಐದು ನಿಮಿಷ ಸುಮ್ಮನೆ ಮಲಗಿಸಿ, ಮಣಿಕಟ್ಟಿನಲ್ಲಿ ಪೂರ್ತಿ ಒಂದು ನಿಮಿಷ ಎಣಿಸಿ. 50ಕ್ಕಿಂತ ಕಡಿಮೆ ಇದ್ದರೆ, ಎದ್ದು ನಿಂತಾಗ ಕಣ್ಣು ಕತ್ತಲೆ ಬಂದರೆ, ತಲೆಸುತ್ತಿ ಬಿದ್ದರೆ ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ. ಇಸಿಜಿ, ಪೊಟ್ಯಾಸಿಯಂ, ಫಾಸ್ಫೇಟ್ ನೋಡಲು ಕೇಳಿ. ಮೇ ತಿಂಗಳ ಸೆಖೆಯಲ್ಲೂ ಸ್ವೆಟರ್ ಹಾಕಿ ಬಚ್ಚಲೊಲೆ ಮುಂದೆ ಕೂರುವುದು, ಬೆನ್ನು-ತೋಳಿನ ಮೇಲೆ ನವಿರು ಕೂದಲು ಬೆಳೆಯುವುದು ಕೂಡ ಇದೇ ಕಾಯಿಲೆಯ ಗುರುತು. ಮುಟ್ಟು ಬರಿಸಲು ಹಾರ್ಮೋನು ಮಾತ್ರೆಗೆ ಆತುರಪಡಬೇಡಿ. ಮಾತ್ರೆಯಿಂದ ರಕ್ತಸ್ರಾವವಾಗುತ್ತದೆ, ಒಳಗಿನ ಕೊರತೆ ಹಾಗೇ ಉಳಿಯುತ್ತದೆ, ಮೂಳೆ ಸವೆಯುವುದೂ ನಿಲ್ಲುವುದಿಲ್ಲ.

‘ನೀನು ದಪ್ಪ ಇಲ್ಲ’ ಎಂಬ ವಾದವನ್ನು ಇವತ್ತಿಗೇ ಬಿಡಿ, ಅದರಲ್ಲಿ ಗೆದ್ದವರಿಲ್ಲ. ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ 1944–45ರಲ್ಲಿ ಆರೋಗ್ಯವಂತ 36 ಯುವಕರಿಗೆ 24 ವಾರ ಅರೆಹೊಟ್ಟೆ ಊಟ ಕೊಟ್ಟು ನೋಡಿದ್ದರು. ದಪ್ಪಗಾಗುವ ಭಯ ಅವರಲ್ಲಿ ಯಾರಿಗೂ ಇರಲಿಲ್ಲ. ಆದರೂ ದಿನವಿಡೀ ಊಟದ್ದೇ ಧ್ಯಾನ, ತಟ್ಟೆ ಮುಂದೆ ಗಂಟೆಗಟ್ಟಲೆ ಕೂರುವುದು, ಸಿಡುಕು, ಮಂಕು, ಸದಾ ಚಳಿ. ನಿಮ್ಮ ಮಗಳ ಸ್ವಭಾವ ಬದಲಾಗಿದೆ ಅನ್ನಿಸಿದ್ದರೆ ಅದರಲ್ಲಿ ದೊಡ್ಡ ಪಾಲು ಹಸಿವಿನದು. ಮನೆಯವರಿಗೆಲ್ಲ ತಾನೇ ಕಡುಬು ಮಾಡಿ ಬಡಿಸಿ, ತಾನು ಮಾತ್ರ ಮುಟ್ಟದಿರುವುದನ್ನೂ ನೀವು ನೋಡಿರಬಹುದು. ಹಾಗಾಗಿ ಊಟ ಮೊದಲು, ಬುದ್ಧಿಮಾತು ಆಮೇಲೆ.

ಸದ್ಯಕ್ಕೆ ಏನು ಉಣ್ಣಬೇಕು, ಎಷ್ಟು ಉಣ್ಣಬೇಕು ಎಂಬ ತೀರ್ಮಾನ ಅಪ್ಪ-ಅಮ್ಮನದು. ದಿನಕ್ಕೆ ಮೂರು ಊಟ, ಎರಡು-ಮೂರು ತಿಂಡಿ. ನಡುವೆ ಮೂರು ಗಂಟೆಗಿಂತ ಹೆಚ್ಚು ಅಂತರ ಬೇಡ. ಬಡಿಸುವವರು ನೀವು, ಅಳತೆ ನಿಮ್ಮದು. ಅಕ್ಕಿರೊಟ್ಟಿಗೆ ಬೆಣ್ಣೆ, ಗಂಜಿಗೆ ತುಪ್ಪ, ತಂಬುಳಿ ಅನ್ನದ ಜೊತೆಗೆ ಮಾತ್ರ. ಒಬ್ಬರು ಪಕ್ಕದಲ್ಲೇ ಕೂತು ಉಣ್ಣಿ, ಮುಗಿದ ಮೇಲೂ ಒಂದು ಗಂಟೆ ಜೊತೆಗಿರಿ; ಆ ಹೊತ್ತಿನಲ್ಲಿ ಬಚ್ಚಲಿಗೆ ಒಬ್ಬಳನ್ನೇ ಕಳಿಸಬೇಡಿ. ಅತ್ತರೆ, ಬೈದರೆ ‘ಕಷ್ಟ ಆಗ್ತಿದೆ ಅಂತ ಗೊತ್ತು ಪುಟ್ಟಿ, ನಾನು ಇಲ್ಲೇ ಕೂತಿರ್ತೀನಿ, ಇನ್ನೊಂದು ತುತ್ತು’ ಅನ್ನಿ, ಅಷ್ಟು ಸಾಕು. ಮನೆಯ ತೂಕದ ಯಂತ್ರ ಅಟ್ಟ ಸೇರಲಿ. ವಾರಕ್ಕೊಮ್ಮೆ ವೈದ್ಯರೇ ತೂಗಲಿ. ವ್ರತಗಳನ್ನು ವೈದ್ಯರು ಹೇಳುವ ತನಕ ಮನೆಯ ಹಿರಿಯರಿಂದಲೇ ನಿಲ್ಲಿಸಿ. ಇದು ಕೆಡುವುದು ಎಲ್ಲಿ ಅಂದರೆ, ಅಮ್ಮ ಗಟ್ಟಿಯಾಗಿ ಕೂತಿದ್ದಾಗ ಅಜ್ಜಿ ‘ಪಾಪ, ಬಿಡೇ’ ಅನ್ನುವಲ್ಲಿ. ಮನೆಯಲ್ಲಿ ಎಲ್ಲರದೂ ಒಂದೇ ಮಾತಾಗಬೇಕು.

ಒಂದು ಎಚ್ಚರಿಕೆ. ಬಹಳ ದಿನ ಹೆಚ್ಚುಕಮ್ಮಿ ಏನೂ ತಿನ್ನದವರಿಗೆ ಒಮ್ಮೆಲೇ ಹಬ್ಬದೂಟ ಹಾಕಿದರೆ ರಕ್ತದ ಫಾಸ್ಫೇಟ್ ಕುಸಿದು ಹೃದಯಕ್ಕೇ ಅಪಾಯ. ಅಂಥವರಿಗೆ ವೈದ್ಯರ ಕಣ್ಣೆದುರೇ ಊಟ ಶುರುವಾಗಬೇಕು. ಕ್ಯಾಲೊರಿ ಲೆಕ್ಕವನ್ನು ಇಲ್ಲಿ ಬೇಕೆಂದೇ ಬರೆದಿಲ್ಲ. ನಿಮಗಿಂತ ಚೆನ್ನಾಗಿ ಅದು ಮಗಳಿಗೆ ಬಾಯಿಪಾಠವಾಗಿರುತ್ತದೆ.

ಪ್ರಶ್ನೆ: ಸಾಗರದ ಹತ್ತಿರದ ಹಳ್ಳಿ ನಮ್ಮದು. 17ರ ಮಗ ದಿನಕ್ಕೆರಡು ಸಲ ಜಿಮ್ಮಿಗೆ ಹೋಗುತ್ತಾನೆ. ಅನ್ನ ಮುಟ್ಟುವುದಿಲ್ಲ, ನೆಂಟರ ಮನೆಗೆ ಬರುವುದಿಲ್ಲ, ಕನ್ನಡಿ ಮುಂದೆ ನಿಂತು ‘ನಾನು ಸಣಕಲ’ ಅನ್ನುತ್ತಾನೆ. ಪ್ರೋಟೀನ್ ಪುಡಿಗೆ ದುಡ್ಡು ಕೇಳುತ್ತಿದ್ದಾನೆ.

ಉತ್ತರ: ಜಿಮ್ ಕಾಯಿಲೆಯಲ್ಲ. ಒಂದು ದಿನ ತಪ್ಪಿದರೆ ಮನೆಯಲ್ಲಿ ರಂಪ, ಹಬ್ಬ-ನೆಂಟಸ್ತಿಕೆ ಎಲ್ಲ ಬಂದ್ ಎಂಬಷ್ಟಾದರೆ ಅದು ಕಾಯಿಲೆ. ಹೆಣ್ಣುಮಕ್ಕಳು ‘ದಪ್ಪ’ ಅಂದುಕೊಳ್ಳುವಂತೆ ಗಂಡುಮಕ್ಕಳು ‘ಸಾಲದು’ ಅಂದುಕೊಳ್ಳುತ್ತಾರೆ. ಹುಡುಗರಿಗೆ ಇಂಥದ್ದು ಬರುವುದಿಲ್ಲ ಎಂದುಕೊಂಡೇ ಮನೆಯವರು ತಡಮಾಡುತ್ತಾರೆ.

ಪುಡಿಯ ವಿಷಯ. ಭಾರ ಎತ್ತುವ ಹುಡುಗನಿಗೂ ಕಿಲೋ ತೂಕಕ್ಕೆ ದಿನಕ್ಕೆ 1.2ರಿಂದ 1.6 ಗ್ರಾಂ ಪ್ರೋಟೀನ್ ಸಾಕು; 60 ಕಿಲೋ ಇದ್ದರೆ 72–96 ಗ್ರಾಂ. ಮೊಟ್ಟೆಯೊಂದರಲ್ಲಿ ಸುಮಾರು 6 ಗ್ರಾಂ, ಲೋಟ ಹಾಲಿನಲ್ಲಿ 6–7, 50 ಗ್ರಾಂ ಹುರುಳಿಯಲ್ಲಿ 11, ನೂರು ಗ್ರಾಂ ಮೀನಿನಲ್ಲಿ 20ರ ಆಸುಪಾಸು. ಮನೆಯೂಟದಲ್ಲೇ ಇದು ಹೊಂದುತ್ತದೆ. ಅನ್ನ ಬಿಟ್ಟರೆ ನಷ್ಟ ಅವನಿಗೇ: ಹಿಟ್ಟಿನಂಶ (ಕಾರ್ಬೋಹೈಡ್ರೇಟ್) ಸಾಲದಾದಾಗ ದೇಹ ಪ್ರೋಟೀನನ್ನೇ ಉರಿಸಿಕೊಳ್ಳುತ್ತದೆ. ಈ ಮಾತು ಅವನ ತಲೆಗೆ ಬೇಗ ಹೋಗುತ್ತದೆ, ಅಲ್ಲಿಂದಲೇ ಶುರುಮಾಡಿ. ಬಿಲ್ಲಿಲ್ಲದ, ಆಹಾರ ಸುರಕ್ಷತಾ ಪ್ರಾಧಿಕಾರ ಕೊಡುವ 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ ಇಲ್ಲದ ಡಬ್ಬಿ ಮನೆಗೆ ಬರುವುದೇ ಬೇಡ.

ಬೆನ್ನ ತುಂಬ ದಪ್ಪ ಮೊಡವೆ, ಹೆಣ್ಣುಮಕ್ಕಳಂತೆ ಎದೆ ಉಬ್ಬುವುದು, ಇದ್ದಕ್ಕಿದ್ದಂತೆ ವಿಪರೀತ ಸಿಟ್ಟು ಕಂಡರೆ ಮೈಕಟ್ಟಿಗೆಂದು ಹಾಕಿಸಿಕೊಳ್ಳುವ ಸ್ಟೀರಾಯ್ಡ್ ಇಂಜೆಕ್ಷನ್ ಬಗ್ಗೆ ನೇರವಾಗಿ ಕೇಳಿ. ಅದರಿಂದ ವೃಷಣ ಕುಗ್ಗುತ್ತದೆ. ಈ ವಯಸ್ಸಿನಲ್ಲಿ ಮೂಳೆ ಬೆಳೆಯುವ ತುದಿಗಳು ಬೇಗ ಮುಚ್ಚಿ ಎತ್ತರವೂ ನಿಲ್ಲಬಹುದು. ತಾನಾಗಿ ನಿಲ್ಲಿಸಿದಾಗ ಖಿನ್ನತೆ ಬರುವುದುಂಟು, ಆದ್ದರಿಂದ ವೈದ್ಯರ ಜೊತೆಯಲ್ಲಿ ನಿಲ್ಲಿಸಲಿ.

ಪ್ರಶ್ನೆ: ಶಿವಮೊಗ್ಗದಲ್ಲಿ ಹಾಸ್ಟೆಲ್ ವಾರ್ಡನ್ ಆಗಿದ್ದೇನೆ. ಹುಡುಗಿಯೊಬ್ಬಳು ಊಟವಾದ ತಕ್ಷಣ ವಾಂತಿ ಮಾಡಿಕೊಳ್ಳುತ್ತಾಳೆ ಅನ್ನಿಸುತ್ತಿದೆ.

ಉತ್ತರ: ಕೆನ್ನೆಯ ಕೆಳಭಾಗ ಊದಿರುವುದು, ಬೆರಳ ಗೆಣ್ಣಿನ ಮೇಲೆ ಗಾಯದ ಕಲೆ, ಮುಂದಿನ ಹಲ್ಲಿನ ಒಳಬದಿ ಸವೆದಿರುವುದು ಇವೆಯೇ ನೋಡಿ. ಕೋಣೆಯವರ ಎದುರಲ್ಲ, ಒಬ್ಬಳನ್ನೇ ಕರೆದು ಮಾತಾಡಿ. ‘ಊಟ ಆದ ಮೇಲೆ ನಿಂಗೆ ಕಷ್ಟ ಆಗ್ತಿದೆ ಅನ್ಸುತ್ತೆ, ಹೌದಾ?’ ಅಂತ ಕೇಳಿದರೆ ಸಾಕು. ಪದೇಪದೇ ವಾಂತಿಯಾದರೆ ಪೊಟ್ಯಾಸಿಯಂ ಇಳಿದು ಹೃದಯದ ಬಡಿತ ಹದ ತಪ್ಪುತ್ತದೆ; ತೂಕ ಸರಿಯಾಗಿದ್ದರೂ ಈ ಅಪಾಯ ಇದ್ದೇ ಇದೆ. ವಾಂತಿಯಾದ ಕೂಡಲೇ ಹಲ್ಲುಜ್ಜಬಾರದು. ಚಿಟಿಕೆ ಅಡುಗೆ ಸೋಡಾ ಹಾಕಿದ ನೀರಿನಲ್ಲಿ ಬಾಯಿ ಮುಕ್ಕಳಿಸಿ ಅರ್ಧ ಗಂಟೆ ಬಿಡಲಿ. ಮನೆಯವರಿಗೆ ತಿಳಿಸುವುದನ್ನು ಅವಳ ಜೊತೆ ಕೂತೇ ಮಾಡಿ. ಮೆಗ್ಗಾನ್ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಕರೆದೊಯ್ಯಬಹುದು. ರಾತ್ರಿ ಹೊತ್ತು ದಿಕ್ಕು ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416 ಇದೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.