ಕಾರಿನ ಟೆಂಪರೇಚರ್ ಮುಳ್ಳು ಏರಿದಾಗ ಹೀಟರ್ ಗಾಳಿ ಬಿಸಿ ಇರುತ್ತೋ ತಣ್ಣಗಿರುತ್ತೋ, ಮೊದಲು ಅದನ್ನ ನೋಡಿ

ಹದಿನೈದು ಇಪ್ಪತ್ತು ನಿಮಿಷ ಓಡಿಸಿದ ಮೇಲೆ ಟೆಂಪರೇಚರ್ ಮುಳ್ಳು ಮುಕ್ಕಾಲರ ತನಕ ಏರುತ್ತೆ, ಗಾಡಿ ಪಕ್ಕಕ್ಕೆ ಹಾಕೋಣ ಅನ್ನೋಷ್ಟರಲ್ಲಿ ತಾನಾಗೇ ಇಳಿಯುತ್ತೆ, ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದ ಮೇಲೆ ತೆರೆದು ನೀರನ್ನ ರೇಡಿಯೇಟರಿಗೆ ಬಿಡೋ ವಾಲ್ವ್) ಹೊಸದು ಹಾಕಿಸಿದ್ರೂ ಹಾಗೇ ಇದೆ, ರೇಡಿಯೇಟರ್ ಪಕ್ಕದ ಬಾಟಲಿಯಲ್ಲಿ ಕೂಲಂಟ್ (ಎಂಜಿನ್ ತಣ್ಣಗಿಡೋ ದ್ರವ, ಕೆಳಗೆ ಸುಮ್ಮನೆ ನೀರು ಅಂತೀನಿ) ಸರಿಯಾಗಿದೆ, ಈಗ ಮೆಕ್ಯಾನಿಕ್ ಥರ್ಮೋಸ್ಟಾಟನ್ನೇ ತೆಗೆದುಬಿಡೋಣ ಅಂತಿದ್ದಾರೆ ಅಂತ ಬರೆದಿದ್ದೀರಿ. ದಯವಿಟ್ಟು ತೆಗೆಸಬೇಡಿ. ಮುಳ್ಳು ಕೆಳಗಿಳಿಯಬಹುದು, ರೋಗ ಒಳಗೇ ಇರುತ್ತೆ. ಎಂಜಿನ್ ಬಿಸಿಯಾಗೋಕೆ ತುಂಬಾ ಹೊತ್ತು ಹಿಡಿದು, ಇಂಧನ ಜಾಸ್ತಿ ಕುಡಿದು, ಸವೆತವೂ ಹೆಚ್ಚಾಗುತ್ತೆ.

ನಿಮ್ಮ ಲಕ್ಷಣ ಕೇಳಿದ್ರೆ ನನಗೆ ಮೊದಲ ಅನುಮಾನ ಒಳಗೆ ಸಿಕ್ಕಿಕೊಂಡಿರೋ ಗಾಳಿ ಮೇಲೆ. ಗಾಳಿಯ ಗುಳ್ಳೆ ಥರ್ಮೋಸ್ಟಾಟ್ ಹತ್ತಿರ ಕೂತ್ರೆ ಬಿಸಿ ನೀರು ಅದಕ್ಕೆ ಸರಿಯಾಗಿ ತಾಗಲ್ಲ, ಅದು ತಡವಾಗಿ ತೆರೆದುಕೊಳ್ಳುತ್ತೆ. ಅಷ್ಟರಲ್ಲಿ ಮುಳ್ಳು ಏರಿರುತ್ತೆ. ತೆರೆದ ಕೂಡಲೇ ರೇಡಿಯೇಟರಿನ ತಣ್ಣೀರು ಒಳಗೆ ನುಗ್ಗಿ ಮುಳ್ಳು ದಬಕ್ಕನೆ ಬೀಳುತ್ತೆ. ಡ್ಯಾಶ್‌ಬೋರ್ಡ್ ಹಿಂದೆ ಗುಳುಗುಳು ಸದ್ದು ಬರುತ್ತಾ? ಮುಳ್ಳು ಮೇಲೆ ಇರುವಾಗಲೇ ಹೀಟರ್ ಹಾಕಿದ್ರೆ ತಣ್ಣನೆ ಗಾಳಿ ಬರುತ್ತಾ? ಎರಡೂ ಹೌದಾದ್ರೆ ಒಳಗೆ ಗಾಳಿ ಇದೆ ಅಥವಾ ನೀರು ಕಡಿಮೆ ಇದೆ.

ಬಾಟಲಿ ತುಂಬಿದೆ ಅಂತ ಸಮಾಧಾನ ಪಡಬೇಡಿ. ನಾನೂ ಹೀಗೇ ಮೋಸಹೋದವನು. ಬಾಟಲಿ ಗೆರೆಯವರೆಗೂ ತುಂಬಿತ್ತು, ರೇಡಿಯೇಟರ್ ಅರ್ಧ ಖಾಲಿ! ಕೊನೆಗೆ ನೋಡಿದ್ರೆ ರೇಡಿಯೇಟರ್ ಕ್ಯಾಪಿನ ತಪ್ಪು. ಬಿಸಿಯಾದಾಗ ಉಕ್ಕಿದ ನೀರನ್ನ ಕ್ಯಾಪು ಬಾಟಲಿಗೆ ಬಿಡಬೇಕು, ತಣ್ಣಗಾದಾಗ ವಾಪಸ್ ಎಳೆದುಕೊಳ್ಳೋಕೂ ಬಿಡಬೇಕು. ವಾಪಸ್ ಬರೋ ಪುಟ್ಟ ವಾಲ್ವ್ ಅಂಟಿಕೊಂಡ್ರೆ ನೀರು ಬಾಟಲಿಯಲ್ಲೇ ಉಳಿಯುತ್ತೆ. ಕ್ಯಾಪಿನ ಸ್ಪ್ರಿಂಗ್ ಸೋತ್ರೆ ಒತ್ತಡವೂ ನಿಲ್ಲಲ್ಲ. ನೀರು ಕೂಲಂಟ್ ಅರ್ಧರ್ಧ ಮಿಶ್ರಣ ಒತ್ತಡ ಇಲ್ಲದೆ ಸುಮಾರು 106 ರಿಂದ 108 ಡಿಗ್ರಿಗೇ ಕುದಿಯುತ್ತೆ, 1 ಬಾರ್ ಆಸುಪಾಸಿನ ಕ್ಯಾಪ್ ಇದ್ರೆ 125 ದಾಟಿದ ಮೇಲಷ್ಟೇ. ಆಮೇಲೆ ರಬ್ಬರ್ ಸೀಳಿದ ಆ ಕ್ಯಾಪನ್ನ ಯಾಕೆ ಮೊದಲೇ ನೋಡಲಿಲ್ಲ ಅಂತ ನನ್ನನ್ನೇ ಬೈದುಕೊಂಡೆ. ಹಾಗಾಗಿ ಬೆಳಿಗ್ಗೆ, ಎಂಜಿನ್ ಪೂರ್ತಿ ತಣ್ಣಗಿರುವಾಗ ರೇಡಿಯೇಟರ್ ಕ್ಯಾಪನ್ನೇ ತೆಗೆದು ನೋಡಿ, ನೀರು ಕಂಠದವರೆಗೆ ಇರಬೇಕು. ಬಿಸಿ ಇರುವಾಗ ಮಾತ್ರ ಮುಟ್ಟಬೇಡಿ, ಮುಖಕ್ಕೇ ಎರಚುತ್ತೆ. ಕೆಲವು ಗಾಡಿಗಳಲ್ಲಿ ರೇಡಿಯೇಟರ್ ಮೇಲೆ ಕ್ಯಾಪೇ ಇರಲ್ಲ, ಒತ್ತಡದ ಟ್ಯಾಂಕೇ ಎಲ್ಲ. ಅಲ್ಲಿ ಆ ಟ್ಯಾಂಕಿನ ಗೆರೆ ನೋಡಿದ್ರೆ ಸಾಕು.

ಗಾಳಿ ತೆಗೆಯೋದು ಕಷ್ಟ ಅಲ್ಲ, ತಾಳ್ಮೆ ಬೇಕು. ಮೂತಿ ಮೇಲಿರೋ ಹಾಗೆ ಗಾಡಿಯನ್ನ ಏರಿಗೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ ಚಕ್ರಕ್ಕೆ ಕಲ್ಲು ಕೊಡಿ. ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ. ತಣ್ಣನೆ ಎಂಜಿನ್ನಿನಲ್ಲಿ ಕ್ಯಾಪ್ ತೆಗೆದು ನಿಧಾನಕ್ಕೆ ತುಂಬಿಸಿ, ಬ್ಲೀಡ್ ಸ್ಕ್ರೂ (ಗಾಳಿ ಹೊರಬಿಡೋ ತಿರುಪು) ಇದ್ರೆ ಗುಳ್ಳೆ ಇಲ್ಲದ ಧಾರೆ ಬರೋ ತನಕ ಸಡಿಲ ಬಿಡಿ. ಆಮೇಲೆ ಸ್ಟಾರ್ಟ್ ಮಾಡಿ ಐಡಲಿನಲ್ಲಿ ಬಿಟ್ಟು, ಬಿಸಿಯಾಗೋಕೆ ಮುಂಚೆ ಮೇಲಿನ ಹೋಸನ್ನ ಆಗಾಗ ಹಿಸುಕಿ, ಮಟ್ಟ ಇಳಿದಾಗ ತುಂಬಿಸಿ. ಗುಳ್ಳೆ ನಿಂತ ಮೇಲೆ, ನೀರು ಉಕ್ಕೋಕೆ ಮುಂಚೆಯೇ ಕ್ಯಾಪ್ ಹಾಕಿ, ಫ್ಯಾನ್ ಎರಡು ಸಲ ಓಡಿ ನಿಲ್ಲೋ ತನಕ ಬಿಡಿ. ಮರುದಿನ ತಣ್ಣಗಾದ ಮೇಲೆ ಮತ್ತೆ ಮಟ್ಟ ನೋಡಿ, ಸಾಮಾನ್ಯವಾಗಿ ಸ್ವಲ್ಪ ಇಳಿದಿರುತ್ತೆ. ಥರ್ಮೋಸ್ಟಾಟಿನಲ್ಲಿ ಗಾಳಿ ಬಿಡೋ ಸಣ್ಣ ತೂತು ಇದ್ರೆ ಅದು ಮೇಲ್ಮುಖವಾಗಿ ಕೂರಬೇಕು. ಹೊಸದು ಹಾಕಿದವರು ಅದನ್ನ ಗಮನಿಸಿದ್ರಾ ಅಂತ ಕೇಳಿ.

ಇಷ್ಟಾದ್ರೂ ವಾರದೊಳಗೆ ನೀರು ಇಳಿದ್ರೆ ಎಲ್ಲೋ ಹೋಗ್ತಿದೆ ಅಂತ ಅರ್ಥ. ಹೋಸ್ ಕ್ಲ್ಯಾಂಪು, ವಾಟರ್ ಪಂಪ್ ಕೆಳಗಿನ ಸಣ್ಣ ತೂತು, ಒಳಗೆ ಕಾಲಿಡೋ ಜಾಗದ ಕಾರ್ಪೆಟ್ ಒದ್ದೆಯಾಗಿದೆಯಾ, ಎಲ್ಲ ತಡಕಿ. ಹೊರಗೆಲ್ಲೂ ಹನಿ ಇಲ್ಲ, ತಣ್ಣನೆ ಎಂಜಿನ್ ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷಕ್ಕೇ ಮೇಲಿನ ಹೋಸ್ ಕಲ್ಲಿನಂತೆ ಗಟ್ಟಿಯಾಗುತ್ತೆ, ರೇಡಿಯೇಟರಿನಲ್ಲಿ ಗುಳ್ಳೆ ನಿಲ್ಲೋದೇ ಇಲ್ಲ ಅಂದ್ರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲ್ಭಾಗವಾದ ಹೆಡ್ ಕೆಳಗಿರೋ ಸೀಲು) ಅನುಮಾನ. ಅಂದಾಜಿನ ಮೇಲೆ ಹೆಡ್ ಬಿಚ್ಚಿಸಬೇಡಿ. ನೀಲಿ ದ್ರವ ಹಳದಿಗೆ ತಿರುಗೋ ಪರೀಕ್ಷೆ ಇದೆ, ರೇಡಿಯೇಟರ್ ಬಾಯಿಯಲ್ಲಿ ಹೊಗೆ ಅನಿಲ ಇದೆಯಾ ಅಂತ ತೋರಿಸುತ್ತೆ, ಅದನ್ನ ಮಾಡಿಸಿ.

ಇನ್ನೊಂದು ಸಾಧ್ಯತೆ, ಗೇಜೇ ಸುಳ್ಳು ಹೇಳ್ತಿರಬಹುದು. ಎಂಜಿನ್ನಿನಲ್ಲಿರೋ ಅಷ್ಟು ಲೀಟರ್ ನೀರು ಒಂದು ಸೆಕೆಂಡಿನಲ್ಲಿ ಇಪ್ಪತ್ತು ಡಿಗ್ರಿ ಹಾರಲ್ಲ. ಮುಳ್ಳು ಟಕ್ಕಂತ ಹಾರಿದ್ರೆ, ಹೆಡ್‌ಲೈಟ್ ಹಾಕಿದಾಗ ಅಲುಗಿದ್ರೆ, ಅರ್ಥಿಂಗ್ ತಂತಿ ಅಥವಾ ಸೆನ್ಸರ್ ಪ್ಲಗ್ಗಿನ ತುಕ್ಕು ನೋಡಿ. ಓಬಿಡಿ ಡಾಂಗಲ್ (ಗಾಡಿಯ ಕಂಪ್ಯೂಟರಿನ ಮಾಹಿತಿಯನ್ನ ಫೋನಿಗೆ ಕಳಿಸೋ ಪುಟ್ಟ ಸಾಧನ) ಚುಚ್ಚಿ ಫೋನಿನಲ್ಲಿ ನಿಜವಾದ ಡಿಗ್ರಿ ನೋಡೋದು ಇನ್ನೂ ಒಳ್ಳೇದು, ಯಾಕಂದ್ರೆ ಈಗಿನ ಎಷ್ಟೋ ಗಾಡಿಗಳಲ್ಲಿ ಮುಳ್ಳು ಸುಮಾರು 80 ರಿಂದ 100 ಡಿಗ್ರಿವರೆಗೂ ನಡುವಿನಲ್ಲೇ ಅಲುಗದೆ ಕೂರೋ ಹಾಗೆ ಮಾಡಿರ್ತಾರೆ. ಆದ್ರೆ ಒಂದು ಎಚ್ಚರ: ನೀರು ತೀರಾ ಇಳಿದು ಸೆನ್ಸರ್ ಬರೀ ಆವಿಯಲ್ಲಿ ನಿಂತ್ರೆ ಎಂಜಿನ್ ಬೇಯ್ತಿದ್ರೂ ಮುಳ್ಳು ಕೆಳಗೇ ತೋರಿಸಬಹುದು.

ಟ್ರಾಫಿಕ್ಕಿನಲ್ಲಿ ಮಾತ್ರ ಏರಿ, ಓಡುವಾಗ ಇಳಿದ್ರೆ ಫ್ಯಾನು, ರಿಲೇ, ಫ್ಯೂಸ್. ವೇಗದಲ್ಲಿ, ಏರಿನಲ್ಲಿ ಏರಿದ್ರೆ ಕಟ್ಟಿಕೊಂಡ ರೇಡಿಯೇಟರ್ ಅಥವಾ ಸವೆದ ಪಂಪು. ನಿಮ್ಮದು ಎರಡೂ ಅಲ್ಲ ಅನ್ಸುತ್ತೆ.

ಅಲ್ಲಿಯವರೆಗೆ ದಾರಿಯಲ್ಲಿ ಮುಳ್ಳು ಏರಿದ್ರೆ ಏಸಿ ಆಫ್ ಮಾಡಿ, ಹೀಟರ್ ಫುಲ್ ಹಾಕಿ, ಜಾಗ ನೋಡಿ ನಿಲ್ಲಿಸಿ. ಕೆಂಪು ಮುಟ್ಟಿದ್ರೆ ಎಂಜಿನ್ ಆರಿಸಿ, ಅರ್ಧ ಗಂಟೆಗೂ ಹೆಚ್ಚು ಹೊತ್ತು ಕಾಯಿರಿ, ಬಿಸಿ ಎಂಜಿನ್ನಿಗೆ ತಣ್ಣೀರು ಸುರಿಯಬೇಡಿ. ನಾಳೆ ಬೆಳಿಗ್ಗೆ ಕ್ಯಾಪ್ ತೆಗೆದಾಗ ನೀರು ಎಷ್ಟು ಕೆಳಗಿತ್ತು, ಹೀಟರ್ ಗಾಳಿ ಹೇಗಿತ್ತು ಅಂತ ಇಲ್ಲೇ ಬರೀರಿ, ಮುಂದಿನದು ನೋಡೋಣ.