ಟ್ಯಾಂಕರ್ಡಿಗೆ ಮೂತಿ ಬಂದಿದ್ದು ಯಾವಾಗ?

ಮೇಡಂ, ಫೋಟೊ ನೋಡಿದೆ. ಲಂಡನ್ನಿನ ಅಂಗಡಿಯವರು ಇದು 1765ರ ಬೆಳ್ಳಿ ಬಿಯರ್ ಟ್ಯಾಂಕರ್ಡ್, ಇದ್ದ ಹಾಗೇ ಇದೆ ಅಂದಿದ್ದಾರೆ, ತಗೊಳ್ಳಲಾ ಎಂದು ಕೇಳಿದ್ದೀರಿ. ಆ ದುಡ್ಡಿಗೆ ಬೇಡ.

ಟ್ಯಾಂಕರ್ಡ್ ಅಂದರೆ ಹಿಡಿ, ಮುಚ್ಚಳ ಇರುವ ಕುಡಿಯುವ ಪಾತ್ರೆ. ಅದಕ್ಕೆ ಗಿಂಡಿಯ ಹಾಗೆ ಮೂತಿ ಯಾಕೆ? ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಎಷ್ಟೋ ಹಳೇ ಟ್ಯಾಂಕರ್ಡುಗಳಿಗೆ ಮೂತಿ ಬೆಸೆದು ಜಗ್ ಮಾಡಿಕೊಂಡರು. ಮೈತುಂಬಾ ಇರುವ ಹೂಬಳ್ಳಿಯ ಉಬ್ಬು ಕೆಲಸವೂ ಬಹುಶಃ ಆಗಿನದ್ದೇ. 1760ರ ದಶಕದವು ಸಾಮಾನ್ಯವಾಗಿ ಬೋಳು, ಹೆಚ್ಚೆಂದರೆ ಮನೆತನದ ಲಾಂಛನ ಇರುತ್ತದೆ.

ತಳದ ಫೋಟೊದಲ್ಲಿ 25=10 ಅಂತ ಸಣ್ಣಗೆ ಗೀಚಿದೆಯಲ್ವಾ? ಅದು ಪಾತ್ರೆ ಮಾಡಿದ ಕಾಲದ ತೂಕ. 25 ಟ್ರಾಯ್ ಔನ್ಸ್, 10 ಪೆನ್ನಿವೇಟ್. ಔನ್ಸಿಗೆ 31.1 ಗ್ರಾಂ, 20 ಪೆನ್ನಿವೇಟಿಗೆ ಒಂದು ಔನ್ಸ್. ಒಟ್ಟು ಸುಮಾರು 793 ಗ್ರಾಂ. ಅಂಗಡಿಯವರು ಕೊಟ್ಟಿರುವ ತೂಕ 905. ಉಜ್ಜಿ ಉಜ್ಜಿ ಬೆಳ್ಳಿ ಸವೆಯಬೇಕು, ಇಲ್ಲಿ ನೂರು ಗ್ರಾಂಗಿಂತ ಜಾಸ್ತಿಯಾಗಿದೆ! ಹಾಗೆ ಸೇರಿಸಿದ ಭಾಗಕ್ಕೆ ಅಸ್ಸೇ ಆಫೀಸಿನ, ಅಂದರೆ ಬೆಳ್ಳಿಯ ಶುದ್ಧತೆ ಪರೀಕ್ಷಿಸುವ ಕಚೇರಿಯ, ಮುದ್ರೆ ಇಲ್ಲದಿದ್ದರೆ ಮಾರುವುದಕ್ಕೇ ಅಲ್ಲಿನ ಕಾನೂನು ಅಡ್ಡಬರುತ್ತದೆ. ಅದನ್ನು ಮೊದಲು ಕೇಳಿ.

ಮುದ್ರೆಗಳು ಸರಿಯಾಗಿಯೇ ಕಾಣುತ್ತವೆ. ನಡೆಯುವ ಸಿಂಹ, ಕಿರೀಟದ ಚಿರತೆ ತಲೆ, ವರ್ಷದ ಅಕ್ಷರ, ಮಾಡಿದವರ ಗುರುತು. ರಾಜನ ತಲೆ ಇಲ್ಲ, ಇರಲೂಬಾರದು. ಅದು ಬೆಳ್ಳಿಗೆ ತೆರಿಗೆ ಕಟ್ಟಿದ ಗುರುತು, ಶುರುವಾಗಿದ್ದು 1784ರಲ್ಲಿ. ಆದರೆ ಮುಚ್ಚಳಕ್ಕೂ ಮುದ್ರೆ ಬೇಕು, ಮೈಯ ಮುದ್ರೆಗೆ ಹೊಂದಬೇಕು. ಮುಚ್ಚಳದ ಫೋಟೊ ಅವರು ಕಳಿಸಿಯೇ ಇಲ್ಲ.

ಕೈಗೆ ಸಿಕ್ಕಾಗ ಮುದ್ರೆಯ ಸುತ್ತ ಬಾಯಿಂದ ಹಬೆ ಊದಿ. ಬೇರೆ ಸಾಮಾನಿನ ಮುದ್ರೆ ಕತ್ತರಿಸಿ ಕೂರಿಸಿದ್ದರೆ ಬೆಸುಗೆಯ ಗೆರೆ ಎದ್ದು ಕಾಣಬಹುದು. ಲಾಂಛನ ಇರಬೇಕಾದ ಜಾಗವನ್ನು ಹೆಬ್ಬೆರಳಲ್ಲಿ ಮೆಲ್ಲಗೆ ಒತ್ತಿ ನೋಡಿ. ಅಲ್ಲಿ ತಗಡು ಬಳುಕಿದರೆ ಹಳೇ ಕೆತ್ತನೆ ಅಳಿಸಿದ್ದಾರೆ ಅಂತಲೇ ತಿಳಿಯಿರಿ.

ಮೊದಲ ಸಲ ಕೊಳ್ಳುವವರಿಗೆ ಮುಚ್ಚಳವಿಲ್ಲದ, ಹೊಟ್ಟೆ ಉಬ್ಬಿದ ಬೋಳು ಮಗ್ ಒಳ್ಳೆಯದು. ಅದನ್ನು ಹೀಗೆ ತಿದ್ದಿ ಬದಲಾಯಿಸಲು ಅವಕಾಶ ಕಡಿಮೆ, ಬೆಲೆಯೂ ಸಾಮಾನ್ಯವಾಗಿ ಕಡಿಮೆ. ಇ.ಪಿ.ಎನ್.ಎಸ್. ಅಂತಿದ್ದರೆ ಅದು ಬೆಳ್ಳಿ ಲೇಪ ಅಷ್ಟೇ, ಸುಮ್ನೆ ಮುಂದೆ ಹೋಗಿ.

ಇನ್ನೊಂದು, ಏನೇ ತಂದರೂ ಮನೆ ದೀಪಕ್ಕೆ ಹಾಕುವ ಹಾಗೆ ವಿಭೂತಿ ಹಾಕಿ ತಿಕ್ಕಬೇಡಿ. ಮುದ್ರೆ ಮಸುಕಾದರೆ ಬೆಲೆಯೂ ಇಳಿಯುತ್ತದೆ. ಬಿಸಿನೀರು, ಒಂದು ತೊಟ್ಟು ಪಾತ್ರೆ ಸೋಪು, ಮೆತ್ತನೆಯ ಬಟ್ಟೆ ಸಾಕು.